ಅವಳ ಇಫ್ತಾರ್, ನಮ್ಮ ಸಹರಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಬರಹಗಳನ್ನು ನಾನು ವರ್ಷಗಟ್ಟಲೆ ಕಸದ ಬುಟ್ಟಿಗೆ ಹಾಕಿದವನು. ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಅಮಾವಾಸ್ಯೆ ಹತ್ತಿರ ಬಂತೆಂದರೆ ತಾಲ್ಲೂಕು ವರದಿಗಾರರಿಂದ ಒಂದಾದರೂ ಅಂಥ ಸುದ್ದಿ ಬರುತ್ತಿತ್ತು. ಹಾಳುಬಾವಿಯೊಳಗೆ ಗೆಜ್ಜೆಯ ಸಪ್ಪಳ, ತೀರಿಹೋದವರು ಬಂದು ಬಾಗಿಲು ತಟ್ಟಿದ್ದು, ಇತ್ಯಾದಿ. ನಾನು ಫೋನು ಮಾಡಿ ಕೇಳುತ್ತಿದ್ದೆ: ನೀನು ಕಣ್ಣಾರೆ ಕಂಡೆಯಾ? ಇಲ್ಲದಿದ್ದರೆ ಕಂಡವರು ಯಾರು, ಹೆಸರು ಹಾಕಬಹುದಾ? ಅವರನ್ನು ಬಿಟ್ಟು ಇನ್ನೊಬ್ಬರು ಅದನ್ನೇ ಹೇಳುತ್ತಾರಾ? ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಸುದ್ದಿ ಸತ್ತಿರುತ್ತಿತ್ತು. ಇದರಲ್ಲಿ ನನಗೆ ಒಂದು ಬಗೆಯ ಸಂತೋಷವೂ ಇತ್ತು.

ಕ್ವಾಲಾಲಂಪುರಕ್ಕೆ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಇಲ್ಲಿ ನಾನು ತಿದ್ದುವುದು ಪೇಟೆಯ ಸುದ್ದಿ, ತಾಳೆ ಎಣ್ಣೆಯ ದರ, ಬಂದರಿಗೆ ಬಂದ ಸರಕು. ಅಂಥದ್ದನ್ನು ಯಾರೂ ಕನಸಿನಲ್ಲಿ ಕಂಡು ಬರೆಯುವುದಿಲ್ಲ. ಹಾಗಿರುವಾಗ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಈಗ ಬರೆಯಲು ಕುಳಿತಿದ್ದೇನೆ. ಅದೇ ಪ್ರಶ್ನೆಗಳನ್ನು ಇದಕ್ಕೂ ಕೇಳಿದ್ದೇನೆ. ಉತ್ತರಗಳು ಸಿಕ್ಕವು, ಆದರೆ ಒಂದಕ್ಕೊಂದು ಕೂಡಿಕೊಳ್ಳಲಿಲ್ಲ.

ನನ್ನ ಹೆಂಡತಿ ರೆಹಾನಾ ಇಲ್ಲಿನ ಒಂದು ಸಣ್ಣ ಪ್ರವಾಸ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಮಲೇಷಿಯಾದ ಮುಸ್ಲಿಂ ಕುಟುಂಬಗಳನ್ನು ಹೊರದೇಶಕ್ಕೆ ಕಳಿಸುವ ಕಂಪನಿ ಅದು. ಊರು ನೋಡಿ ಫೋಟೊ ತೆಗೆಸಿಕೊಂಡು ಬರುವ ಪ್ರವಾಸಗಳು ಜನರಿಗೆ ಸಾಕಾಗಿದ್ದವು. ನಾರ್ವೆಯ ಹಳ್ಳಿಗಾಡಿನಲ್ಲಿ ಒಂದು ರೈತರ ಮನೆಯಲ್ಲಿ ವಾರಗಟ್ಟಲೆ ಇದ್ದು, ಕುರಿಗೆ ಮೇವು ಹಾಕಿ, ಅವರು ಬೆಳೆದದ್ದನ್ನು ಅವರ ಮೇಜಿನ ಮೇಲೆಯೇ ಉಂಡು ಬರುವ ರಜೆಗೆ ಆಗ ಬೇಡಿಕೆ ಶುರುವಾಗಿತ್ತು. ಮುಂಚಿತವಾಗಿ ಹೋಗಿ ಆ ಮನೆಗಳ ಅಡುಗೆಮನೆ ನೋಡಿ ಬರುವುದು ರೆಹಾನಾಳ ಕೆಲಸ. ಈ ಬಾಣಲೆಯಲ್ಲಿ ಹಿಂದೆ ಏನು ಹುರಿದಿದ್ದೀರಿ, ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದು ಹಾಕುತ್ತೀರೋ ಗಿಡದ್ದು ಹಾಕುತ್ತೀರೋ, ನಮ್ಮವರಿಗೆ ಬೇರೆ ಪಾತ್ರೆ ಇಡಬಲ್ಲಿರಾ ಎಂದೆಲ್ಲ ಕೇಳಬೇಕು. ಕೇಳಿದರೆ ಎದುರಿನವರಿಗೆ ಬೇಸರವಾಗಬಾರದು. ಅದು ಅವಳಿಗೆ ಬರುತ್ತದೆ.

೨೦೨೦ರ ಮಾರ್ಚ್ ಮೊದಲಲ್ಲಿ ಅವಳು ಹಾಗೆ ಹೋದಳು. ಪಶ್ಚಿಮ ನಾರ್ವೆಯ ಒಂದು ಕಣಿವೆ, ಮಾರಿಟ್ ಎಂಬ ಅರವತ್ತು ದಾಟಿದ ಹೆಂಗಸು ಒಬ್ಬಳೇ ನಡೆಸುವ ಹೊಲಮನೆ. ಕುರಿಗಳು ಬಹಳ, ಮೇಕೆಗಳು ಕೆಲವು. ಕೆಲಸ ಮುಗಿಸಿ ರೆಹಾನಾ ಪೆಟ್ಟಿಗೆ ಕಟ್ಟುವ ಹೊತ್ತಿಗೆ ಕೊರೋನಾ ಎಂದು ಮಲೇಷಿಯಾ ಬಾಗಿಲು ಹಾಕಿತು. ಪರದೇಶದವರು, ಇಲ್ಲಿ ಮನೆ ಮಾಡಿಕೊಂಡಿದ್ದರೂ ಸರಿಯೇ, ಒಳಗೆ ಬರುವಂತಿಲ್ಲ. ಊರಿಗಾದರೂ ಹೋಗೋಣವೆಂದರೆ ಭಾರತವೂ ವಿಮಾನ ನಿಲ್ಲಿಸಿತು. ಕಂಪನಿಯವರು ಕೈ ಚೆಲ್ಲಿದರು. ಮಾರಿಟ್ ಮಾತ್ರ, “ಈ ವರ್ಷ ಮರಿ ಹಾಕಿಸುವುದಕ್ಕೆ ಹೊರಗಿನಿಂದ ಬರುವ ಕೆಲಸದವರೂ ಬರುವುದಿಲ್ಲ, ನೀನು ಇರು” ಎಂದಳಂತೆ. ಗದಗಿನ ವಕೀಲರ ಮಗಳು, ಅದುವರೆಗೆ ಕುರಿಯನ್ನು ಬಕ್ರೀದಿನಲ್ಲಿ ಬಿಟ್ಟರೆ ಹತ್ತಿರದಿಂದ ನೋಡದವಳು, ರಬ್ಬರ್ ಬೂಟು ಹಾಕಿಕೊಂಡು ದೊಡ್ಡಿಯೊಳಗೆ ನಿಂತಳು.

ಬ್ರಿಕ್‌ಫೀಲ್ಡ್ಸ್‌ನ ಎಂಟನೆಯ ಮಹಡಿಯ ನಮ್ಮ ಕ್ವಾಲಾಲಂಪುರದ ಮನೆಯಲ್ಲಿ ನಾನು, ನಮ್ಮ ಒಂಬತ್ತು ವರ್ಷದ ಮಗಳು ಸನಾ ಉಳಿದೆವು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೊರಗೆ ಹೋಗಬಹುದಿತ್ತು. ರಸ್ತೆಯಲ್ಲಿ ಪೊಲೀಸರು. ಸದಾ ಹೂವಿನ ವಾಸನೆ, ಹಾಡು, ಜನ ತುಂಬಿರುತ್ತಿದ್ದ ಬೀದಿಯಲ್ಲಿ ಸಿಗ್ನಲ್ ದೀಪಗಳು ಯಾರಿಗೂ ಬೇಡವಾಗಿ ಬದಲಾಗುತ್ತಿದ್ದವು. ಎದುರು ಮನೆಯ ಪುಷ್ಪಾ ಅಕ್ಕ ಬಾಗಿಲ ಜಾಲರಿಯ ಹಿಂದಿನಿಂದಲೇ ತಮಿಳಿನಲ್ಲಿ ಮಾತಾಡಿಸುತ್ತಿದ್ದರು. ಅವರು ಹುಟ್ಟಿ ಬೆಳೆದದ್ದೇ ಇಲ್ಲಿ. “ತಂಬಿ, ಅಡುಗೆ ಮಾಡಿದ್ಯಾ, ಇವತ್ತೂ ತಪಾವ್ ತಾನಾ?” ಎನ್ನುವರು. ಹೋಟೆಲಿನಿಂದ ಕಟ್ಟಿಸಿ ತರುವುದಕ್ಕೆ ಇಲ್ಲಿನವರು ತಪಾವ್ ಅನ್ನುತ್ತಾರೆ. ಬಹಳ ದಿನ ಅವರ ಊಹೆ ಸರಿಯಾಗಿಯೇ ಇರುತ್ತಿತ್ತು.

ದಿನಕ್ಕೆರಡು ಸಲ ರೆಹಾನಾ ವಿಡಿಯೊ ಕರೆ ಮಾಡುತ್ತಿದ್ದಳು. ಹೆಚ್ಚಾಗಿ ತೋರಿಸುತ್ತಿದ್ದುದು ಊಟವನ್ನು. ಹಪ್ಪಳದಷ್ಟು ತೆಳ್ಳಗಿನ ಒಣ ರೊಟ್ಟಿ, ಒಡೆದ ಮೇಕೆ ಹಾಲಿನ ನೀರನ್ನು ದಿನವಿಡೀ ಕುದಿಸಿ ಮಾಡಿದ ಕಂದು ಚೀಸು, ಹಿಮ ಸರಿದ ಕೂಡಲೇ ನೆಲದಿಂದೆದ್ದ ಹುಳಿ ದಂಟು. ಒಂದು ದಿನ ಬಟ್ಟಲಲ್ಲಿ ಬಿಳಿಯ ಗಂಜಿಯಂಥದ್ದು ತೋರಿಸಿದಳು. ಹುಳಿ ಬಂದ ಕೆನೆಯನ್ನು ಕುದಿಸಿ, ಹಿಟ್ಟು ಹಾಲು ಹಾಕಿ ತಿರುವಿ, ಬಿಟ್ಟ ಬೆಣ್ಣೆಯನ್ನು ನಡುವೆ ಹೊಂಡ ಮಾಡಿ ಸುರಿದು, ಮೇಲೆ ಸಕ್ಕರೆ, ದಾಲ್ಚಿನ್ನಿ. “ನಮ್ಮ ಸಜ್ಜಕದ ಅಕ್ಕ ಇದ್ದಂಗ ಐತ್ರಿ, ಆದ್ರ ಹುಳಿ” ಎಂದಳು. ಸನಾ ಮೂತಿ ಮುರಿದು, “ಲುಕ್ಸ್ ಲೈಕ್ ಗ್ಲೂ, ಅಮ್ಮಿ” ಅಂದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಬಾಯಾಗ ಇಟ್ಟ್ ನೋಡು, ಆಮ್ಯಾಲೆ ಮಾತಾಡು” ಎಂದು ರೆಹಾನಾ ಚಮಚವನ್ನು ಕ್ಯಾಮೆರಾಗೆ ಹಿಡಿದಳು. ಮೂವರೂ ನಕ್ಕೆವು. ಕರೆ ಮುಗಿದ ಮೇಲೆ ಮನೆ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಏಪ್ರಿಲ್ ಕೊನೆಗೆ ರಂಜಾನ್ ಬಂತು. ಮಸೀದಿಗಳಲ್ಲಿ ಬಾಂಗು ಮಾತ್ರ, ಸೇರಿ ನಮಾಜು ಮಾಡುವ ಜಮಾತು ಇಲ್ಲ. ಸಂಜೆ ಬೀದಿಯಲ್ಲಿ ಹಾಕುವ ತಿಂಡಿಯ ಬಜಾರು ಆ ವರ್ಷ ಇಲ್ಲ. ನಾವು ಸಂಜೆ ಉಪವಾಸ ಬಿಟ್ಟು ಇಫ್ತಾರ್ ಮಾಡುವ ಹೊತ್ತಿಗೆ ಅವಳಿಗೆ ಮಧ್ಯಾಹ್ನ, ರೋಜಾ ಬಿಡಲು ಇನ್ನೂ ಬಹಳ ದೂರ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಒಂದು ದಿನ ಅವಳೇ ಲೆಕ್ಕ ಹಾಕಿ ಹೇಳಿದಳು: “ನಾ ರೋಜಾ ಬಿಡೂ ಹೊತ್ತಿಗೆ ನಿಮ್ಮಲ್ಲಿ ನಸಿಕಿನ ನಾಲ್ಕು. ನಿಮ್ದು ಸಹರಿ ಹೊತ್ತು. ಅಂದ್ರ ಕೂಡೇ ಉಣಬೋದಲ್ರಿ.” ಹಾಗೆ ಶುರುವಾಯಿತು. ಅವಳ ದಿನ ಮುಗಿಸುವ ಖರ್ಜೂರ, ಉಪವಾಸಕ್ಕೆ ಮುಂಚೆ ನಮ್ಮ ದಿನ ತೆರೆಯುವ ಊಟ. ಅವಳ ಕಿಟಕಿಯಲ್ಲಿ ಇನ್ನೂ ಬೆಳಕು, ನಮ್ಮ ಕಿಟಕಿಯಲ್ಲಿ ಕತ್ತಲು. ಫೋನನ್ನು ನೀರಿನ ಜಗ್ಗಿಗೆ ಆನಿಸಿ ಅವಳ ಕುರ್ಚಿಯ ಎದುರಿಗೆ ಇಡುತ್ತಿದ್ದೆ. ಇಡೀ ದಿನದಲ್ಲಿ ನಾವು ಮೂವರು ಒಟ್ಟಿಗೆ ಉಣ್ಣುತ್ತಿದ್ದುದು ಆಗ ಮಾತ್ರ.

ಆ ವರ್ಷ ಸನಾಳ ರೋಜಾ ರಖಾಯಿ ಆಗಬೇಕಿತ್ತು. ನಮ್ಮ ಕಡೆ ಮಗು ಮೊದಲ ಸಲ ಪೂರ್ತಿ ಉಪವಾಸ ಹಿಡಿಯುವ ದಿನ ಸಣ್ಣ ಹಬ್ಬ. ಹೊಸ ಬಟ್ಟೆ ತೊಡಿಸಿ, ಹೂವಿನ ಹಾರ ಹಾಕಿ, ಸಂಜೆ ನೆಂಟರನ್ನು ಕರೆದು ಮಗುವಿನ ಕೈಯಿಂದ ರೋಜಾ ಬಿಡಿಸುತ್ತಾರೆ. ಸಹರಿಯ ಊಟವನ್ನು ಅಂದು ತಾಯಿ ತನ್ನ ಕೈಯಾರೆ ತಿನ್ನಿಸಬೇಕು. ಹಿಂದಿನ ವರ್ಷದಿಂದಲೇ ಮಗಳು ಕಾಯುತ್ತಿದ್ದಳು, ತಾಯಿ ಮಾತು ಕೊಟ್ಟಿದ್ದಳು. ಈಗ ಒಂದು ಸಹರಿಯಲ್ಲಿ ರೆಹಾನಾ ಮೆತ್ತಗೆ, “ಮುಂದಿನ ವರ್ಷ ಮಾಡೂಣು ಬೇಟಾ, ನಾ ಬಂದ ಮ್ಯಾಲೆ” ಎಂದಳು. ಸನಾ ಫೋನಿನ ಕಡೆ ನೋಡಲಿಲ್ಲ. “ಯು ಸೆಡ್ ದಿಸ್ ಇಯರ್” ಎಂದಷ್ಟೇ ಹೇಳಿ ಎದ್ದು ಹೋದಳು.

ಅಂದಿನಿಂದ ಅವಳು ತಾಯಿಯ ಜೊತೆ ಮಾತು ಬಿಟ್ಟಳು. ಕರೆ ಬಂದರೆ ಕೋಣೆ ಸೇರುತ್ತಿದ್ದಳು. ಹಟ, ರಂಪ ಯಾವುದೂ ಇಲ್ಲ. ಒಂಬತ್ತು ವರ್ಷದವಳ ಮೌನ ಅಷ್ಟು ಗಟ್ಟಿಯಾಗಿರಬಹುದೆಂದು ನಾನು ಎಣಿಸಿರಲಿಲ್ಲ. “ಈಕಿ ಇನ್ನೂ ಸಿಟ್ಟೇನ್ರಿ?” ಎಂದು ರೆಹಾನಾ ದಿನಾ ಕೇಳುವಳು. ಕೇಳುವಾಗ ಮುಖವನ್ನು ಫೋನಿನಿಂದ ಸ್ವಲ್ಪ ಆಚೆ ತಿರುಗಿಸಿರುತ್ತಿದ್ದಳು. ಎರಡು ವಾರ ಹೀಗೇ ಹೋಯಿತು. ಒಂದು ಗುರುವಾರ ಸನಾ ನನ್ನ ಮೇಜಿನ ಬಳಿ ಬಂದು, ನಾಳೆ ಶುಕ್ರವಾರ ತಾನು ರೋಜಾ ಇಡುತ್ತೇನೆ, ಅಮ್ಮಿ ಇಲ್ಲದಿದ್ದರೂ ಇಡುತ್ತೇನೆ ಎಂದಳು. ನಾನು ತಾಯಿಗೆ ತಿಳಿಸಿದೆ. ಅವಳು, “ರೋಜಾ ಹಿಡೀಲಿ. ಆದ್ರ ಸಹರಿ ಬಿಡಬಾರ್ದು, ಹೊಟ್ಟಿ ತುಂಬ ತಿನ್ನಿಸ್ರಿ. ಫೋನ್ ಆಕಿ ಮುಂದ ಇಡ್ರಿ, ಮಾತಾಡ್ದಿದ್ರ ಬ್ಯಾಡ, ಉಣ್ಣೂದು ನೋಡ್ತೀನಿ” ಎಂದಳು.

ಶುಕ್ರವಾರ ನಸುಕಿನಲ್ಲಿ ನಾನೆದ್ದು ಕರೆ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಮಾರಿಟ್‌ಳ ನಂಬರಿಗೂ ಮಾಡಿದೆ. ಹಿಮ ಕರಗಿ ಹೊಳೆ ಉಕ್ಕಿ ಆ ಕಣಿವೆಯ ಲೈನುಗಳು ಹೋಗಿದ್ದವೆಂದು ನಂತರ ತಿಳಿಯಿತು. ಆಗ ನನಗೆ ಗೊತ್ತಿದ್ದುದು ಕರೆ ಹೋಗುತ್ತಿಲ್ಲ ಎಂಬುದಷ್ಟೇ. ಸನಾಳನ್ನು ಎಬ್ಬಿಸಿದೆ. ಅವಳು ಗೋಡೆಯ ಕಡೆ ಹೊರಳಿದಳು. ಅಮ್ಮಿ ಲೈನಿನಲ್ಲಿ ಸಿಗುತ್ತಿಲ್ಲ ಎಂದೆ, ಸುಳ್ಳು ಹೇಳಬಾರದೆಂದು. ಆಗ ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡಳು. ಇವಳು ಉಣ್ಣದೆ ಉಪವಾಸ ಹಿಡಿದರೆ ಈ ಸೆಕೆಯಲ್ಲಿ ಸಂಜೆಯವರೆಗೆ ಹೇಗೆ ತಡೆದಾಳು, ನಡುವೆ ಬಿಟ್ಟರೆ ಆ ನೋವನ್ನೂ ತಾಯಿಯ ತಲೆಗೇ ಕಟ್ಟುತ್ತಾಳೆ ಎಂಬ ಚಿಂತೆಯಲ್ಲಿ ಮೇಜಿನ ಮೇಲೆ ಅವಳ ತಟ್ಟೆ ಇಟ್ಟೆ. ಖರ್ಜೂರ, ಒಂದು ಬಾಳೆಹಣ್ಣು. ಆಮೇಲೆ ಅಡುಗೆಮನೆಗೆ ಬಂದು ಪರೋಟ ಬಿಸಿಗಿಟ್ಟು ಮೊಟ್ಟೆ ಒಡೆದೆ.

ನಮ್ಮ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಒಂದು ಗೋಡೆ, ಬಾಗಿಲಿಲ್ಲ. ಒಲೆಯ ಮುಂದೆ ನಿಂತರೆ ಮೇಜು ಕಾಣುವುದಿಲ್ಲ, ಮಾತು ಕೇಳುತ್ತದೆ. ನಾನು ಬಾಣಲೆಯ ಮೇಲೆ ಬಗ್ಗಿದ್ದಾಗ ರೆಹಾನಾಳ ಧ್ವನಿ ಕೇಳಿತು.

“ಹರಕ ಕಿವ್ಯಾಕಿ ಹಡದ್ಲು ನೋಡ್ರಿ. ಎರಡು ಮರಿ.”

ಕಿವಿ ಹರಿದಿದ್ದ ಒಂದು ಕುರಿ ಇನ್ನೂ ಈದಿರಲಿಲ್ಲವೆಂದು ಅವಳು ವಾರದಿಂದ ಹೇಳುತ್ತಿದ್ದಳು. ಲೈನು ಸಿಕ್ಕಿತಲ್ಲ, ಸನಾಳೇ ಎದ್ದು ಫೋನು ಎತ್ತಿದಳಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಈಗ ಹೋಗಿ ನಡುವೆ ನಿಲ್ಲುವುದು ಬೇಡವೆಂದು ಅಲ್ಲಿಂದಲೇ, “ಎರಡೂ ಆರಾಮ ಅದಾವೇನು?” ಎಂದೆ.

“ಕರೇದು ಉಸುರು ತಗೋವಲ್ದಾಗಿತ್ತು. ನನ್ನ ಹಳದಿ ದುಪಟ್ಟಾದಾಗ ತಿಕ್ಕೀ ತಿಕ್ಕೀ ಸಾಕಾತು. ಈಗ ಆರಾಮ ಐತಿ.”

“ದುಪಟ್ಟಾ ಹೋದ್ರ ಹೋಗ್ಲಿ ಬಿಡು.”

“ಮೊಟ್ಟಿ ಹೊತ್ತಾಕತ್ತೈತಿ, ಉರಿ ಸಣ್ಣ ಮಾಡ್ರಿ.”

ನೋಡಿದೆ. ಅಂಚು ಕಂದಾಗುತ್ತಿತ್ತು. ಉರಿ ಇಳಿಸಿದೆ. ಮೊಟ್ಟೆ ಹೊತ್ತುವುದು ಫೋನಿನಲ್ಲಿ ಯಾರಿಗೂ ಗೊತ್ತಾಗುವಂಥದ್ದಲ್ಲ ಎಂಬುದು ಆ ಕ್ಷಣ ಹೊಳೆಯಲಿಲ್ಲ. ತಟ್ಟೆ ಹಿಡಿದುಕೊಂಡು ಹೊರಗೆ ಬಂದೆ.

ಸನಾ ತನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಪಕ್ಕದ ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಮೇಜಿನ ಮೇಲೆ ಜಗ್ಗು, ನಾನಿಟ್ಟ ಖರ್ಜೂರ, ಬಾಳೆಹಣ್ಣು, ಅಷ್ಟೇ. “ಅಮ್ಮಿ ಫೋನ್ ಇಟ್ಳಾ?” ಎಂದೆ. ಅವಳು, “ವಾಟ್ ಫೋನ್?” ಎಂದಳು. ನನ್ನ ಕೈ ತಾನಾಗಿ ಕುರ್ತಾದ ಜೇಬಿಗೆ ಹೋಯಿತು. ಫೋನು ಅಲ್ಲೇ ಇತ್ತು.

ಮೊಟ್ಟೆಯ ತಟ್ಟೆಯನ್ನು ಅವಳ ಮುಂದಿಟ್ಟೆ. ತಲೆಯಾಡಿಸಿದಳು. ಹೊಟ್ಟೆ ತುಂಬಿದೆ ಎಂದಳು. ಏನು ತಿಂದೆ ಎಂದು ಕೇಳಿದೆ. “ದ ವೈಟ್ ಥಿಂಗ್. ವಿತ್ ದ ಬಟರ್. ಅಮ್ಮಿ ಫೆಡ್ ಮಿ.” ಕನಸು ಕಂಡು ಎದ್ದವಳ ಗಲಿಬಿಲಿ ಆ ಮುಖದಲ್ಲಿರಲಿಲ್ಲ. ನಿನ್ನೆ ಶಾಲೆಯಲ್ಲಿ ಏನಾಯಿತೆಂದು ಹೇಳುವಂತೆ ಹೇಳಿದಳು.

ಅಂದು ನಾನು ಮಾಡಿದ್ದೆಲ್ಲ ಅಭ್ಯಾಸಬಲದಿಂದ ಮಾಡಿದ್ದು. ಕರೆಗಳ ದಾಖಲೆ ನೋಡಿದೆ. ನಾನು ಮಾಡಿ ವಿಫಲವಾದ ಕರೆಗಳು ಬಿಟ್ಟರೆ ಏನೂ ಇಲ್ಲ. ಸನಾಳ ಪಾಠದ ಟ್ಯಾಬ್ಲೆಟ್ಟು ಚಾರ್ಜು ಮುಗಿದು ಸತ್ತಿತ್ತು. ಕಚೇರಿಯ ಲ್ಯಾಪ್‌ಟಾಪು ಚೀಲದಲ್ಲಿತ್ತು. ಸಿಂಕಿನಲ್ಲಿ ಬಟ್ಟಲಿಲ್ಲ, ಚಮಚವಿಲ್ಲ. ಮನೆಯಲ್ಲಿ ಹುಳಿ ಕೆನೆ ಅನ್ನುವುದು ಎಂದೂ ಇರಲಿಲ್ಲ. ಮಗಳ ಬಾಯಿ ಮೂಸಿ ನೋಡುವ ಯೋಚನೆ ಬರುವಷ್ಟರಲ್ಲಿ ಅವಳು ಹಲ್ಲುಜ್ಜಿ, ನೀರು ಕುಡಿದು, ನಮಾಜಿಗೆ ನಿಂತಿದ್ದಳು. ನನಗಂತೂ ಮೊಟ್ಟೆ, ಎಣ್ಣೆ ಬಿಟ್ಟು ಬೇರೆ ಯಾವ ವಾಸನೆಯೂ ಬಂದಿರಲಿಲ್ಲ.

ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಮತ್ತೆ ಕೇಳಿದೆ. ಉತ್ತರವನ್ನು ನಾನೇ ಬಾಯಿಗೆ ಹಾಕಬಾರದೆಂಬ ಎಚ್ಚರದಿಂದ, ಅಮ್ಮಿ ಏನು ಹೇಳಿದಳು ಎನ್ನದೆ, ಆಮೇಲೆ ಏನಾಯಿತು ಎಂದಷ್ಟೇ ಕೇಳುತ್ತ ಹೋದೆ. ಅಮ್ಮಿ ಬಂದು ಪಕ್ಕದಲ್ಲಿ ಕೂತಳು, ಕೈಯಿಂದ ತಿನ್ನಿಸಿದಳು, ಬೆಚ್ಚಗಿತ್ತು, ಹುಳಿ ಅಷ್ಟೇನೂ ಇರಲಿಲ್ಲ. ಮಾತಾಡಿದಳಾ? ಇಲ್ಲ, ಒಂದು ಮಾತೂ ಇಲ್ಲ. “ಶಿ ವಾಸ್ ಸೋ ಟಯರ್ಡ್, ಅಬ್ಬಾ.” ಆಮೇಲೆ, ಅಮ್ಮಿಯ ಕೈ ಒದ್ದೆ ನಾಯಿಯ ಹಾಗೆ ನಾರುತ್ತಿತ್ತು ಎಂದು ಮೂಗು ಸುಕ್ಕಿಸಿದಳು. ಆ ಹುಡುಗಿ ಅದುವರೆಗೆ ಕುರಿಯನ್ನು ಮುಟ್ಟಿದವಳಲ್ಲ. ಒದ್ದೆ ಉಣ್ಣೆಯ ವಾಸನೆಗೆ ಅವಳಲ್ಲಿ ಬೇರೆ ಹೆಸರಿರಲಿಲ್ಲವೇನೋ.

ಅಂದರೆ ನಾನು ಗೋಡೆಯಾಚೆ ಕೇಳಿದ ಮಾತೆಲ್ಲ ಅವಳ ಪಕ್ಕದಲ್ಲೇ ಆಡಿದ್ದಾಗಿರಬೇಕು. ಅವಳಿಗೆ ಅದು ಕೇಳಿಲ್ಲ. ಅವಳು ಕಂಡದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನ ಪುಷ್ಪಾ ಅಕ್ಕ ಚಕ್ಕುಲಿಯಂಥ ಮುರುಕು ಕೊಡಲು ಬಂದರು. ಸನಾ ಉಪವಾಸ ಎಂದು ಕೇಳಿ, “ಚಿನ್ನ ಪೊಣ್ಣು ಲಾ, ಇಷ್ಟು ಸಣ್ಣ ಹುಡುಗಿ, ಇವಳಿಗೆ ಯಾಕಪ್ಪಾ?” ಎಂದು ನನ್ನನ್ನೇ ಗದರಿದರು. ಆಮೇಲೆ ದನಿ ತಗ್ಗಿಸಿ, “ತಂಬಿ, ನಸುಕಿನಲ್ಲಿ ಯಾರ ಹತ್ರ ಮಾತಾಡ್ತಿದ್ದೆ? ನಿದ್ದೆ ಬಾರದೆ ಎದ್ದಿದ್ದೆ. ನಿನ್ನ ದನಿ ಮಾತ್ರ ಕೇಳಿತು. ಮಾತಾಡ್ತೀಯ, ನಿಲ್ಲಿಸ್ತೀಯ, ಮಾತಾಡ್ತೀಯ. ಫೋನಾ?” ಎಂದರು. ಹೌದು, ಫೋನು ಎಂದೆ. ಮೂರನೆಯ ಸಾಕ್ಷಿ ಸಿಕ್ಕಿದ್ದು ಹೀಗೆ. ಅದು ನನಗೆ ವಿರುದ್ಧವಾಗಿಯೇ ಇತ್ತು.

ಸನಾ ದಿನವಿಡೀ ಚಿತ್ರ ಬಿಡಿಸುತ್ತ ಕುಳಿತಿದ್ದಳು. ಎರಡು ಮೂರು ಸಲ ಹತ್ತಿರ ಹೋಗಿ, ಸಾಕಾದರೆ ಬಿಡು, ಯಾರೂ ಏನೂ ಅನ್ನುವುದಿಲ್ಲ ಎಂದೆ. “ಐ ಟೋಲ್ಡ್ ಯು, ಐ ಏಟ್” ಎಂದಳು. ಸಪ್ಪಗಾಗಲಿಲ್ಲ, ಮಲಗಲಿಲ್ಲ. ನಾನು ಹೊಟ್ಟೆ ತುಂಬ ತಿಂದವನು, ನನಗೇ ಅಂದು ತಲೆನೋವು ಬಂದಿತ್ತು.

ಸಂಜೆ ಬಾಂಗಿಗೆ ಸ್ವಲ್ಪ ಮೊದಲು ರೆಹಾನಾಳ ಕರೆ ಬಂತು. ನಾನು ಫೋನು ಹಿಡಿದು ಮಲಗುವ ಕೋಣೆಗೆ ಹೋದೆ. ನಾನು ಕೇಳಿದ್ದನ್ನು ಅವಳಿಗೆ ಹೇಳಲಿಲ್ಲ. ನಿನ್ನೆ ರಾತ್ರಿ ಏನಾಯಿತು ಎಂದಷ್ಟೇ ಕೇಳಿದೆ. ಲೈನು ಹೋಗಿದ್ದನ್ನು ಹೇಳಿದಳು. ಸೂರ್ಯ ಮುಳುಗುವ ಹೊತ್ತಿಗೆ ಹರಕ ಕಿವಿಯ ಕುರಿಗೆ ನೋವು ಶುರುವಾಯಿತು. ಮಾರಿಟ್ ಒಬ್ಬಳಿಂದ ಆಗುವಂತಿರಲಿಲ್ಲ. ರೋಜಾ ಬಿಡುವುದೂ ಮರೆತು ಅವಳು ದೊಡ್ಡಿಯಲ್ಲಿ ಮೊಣಕಾಲೂರಿ ಕೂತಿದ್ದಳು.

“ಎಷ್ಟು ಮರಿ?”

“ಎರಡು. ಒಂದು ಬಿಳೇದು, ಒಂದು ಕರೇದು.”

ನಾನು ಸುಮ್ಮನೆ ಕಾದೆ. ವರದಿಗಾರನಿಗೆ ಬರುವ ಮೊದಲ ಪಾಠವೇ ಅದು, ಎದುರಿನವರ ಮೌನವನ್ನು ತುಂಬಬಾರದು.

“ಕರೇದು ಉಸುರು ತಗೋಳಿಲ್ರಿ,” ಎಂದಳು. “ದುಪಟ್ಟಾದಾಗ ಸುತ್ತಿ ತಿಕ್ಕಿದೆ, ತಿಕ್ಕಿದೆ. ಕಡೀಕ ಮಾರಿಟ್ ನನ್ನ ಕೈ ಹಿಡದ್ಲು, ಸಾಕು ಅಂತ. ಒಟ್ಟ ಉಸುರಾಡ್ಲೇ ಇಲ್ಲ ಅದು.”

“ಯಾವ ದುಪಟ್ಟಾ?”

“ಹಳದಿದು. ಯಾಕ?”

ಏನಿಲ್ಲ ಎಂದೆ. ಈಗ ಆರಾಮ ಐತಿ ಎಂದು ಆ ಧ್ವನಿ ನನಗೆ ಸ್ಪಷ್ಟವಾಗಿ ಹೇಳಿತ್ತು. ಮರಿಗಳ ಸಂಖ್ಯೆ ಸರಿ, ಬಣ್ಣ ಸರಿ, ದುಪಟ್ಟಾ ಸರಿ. ಮರಿ ಬದುಕಿತೆಂಬುದು ಮಾತ್ರ ತಪ್ಪು. ಡೆಸ್ಕಿನಲ್ಲಾಗಿದ್ದರೆ ಆ ಒಂದು ತಪ್ಪಿಗೆ ಇಡೀ ಸುದ್ದಿಯನ್ನು ತಡೆಹಿಡಿಯುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ರೆಹಾನಾ ನಮಗೆ ಏನನ್ನು ಹೇಳಬೇಕೆಂದು ಬಯಸುತ್ತಿದ್ದಳೋ ಅದನ್ನೇ ನಾನು ಕೇಳಿದ್ದೆ ಅನ್ನಿಸಿತು. ಅನ್ನಿಸಿದ್ದನ್ನು ವರದಿ ಎನ್ನಲಾಗದು.

“ಸನಾ ಉಂಡಳೇನ್ರಿ?” ಎಂದು ಅವಳು ಕೇಳಿದಳು. “ಮರಿ ತಿಕ್ಕೂ ಮುಂದ ಬರೇ ಅದೇ ತಲ್ಯಾಗ. ಫೋನ್ ಹತ್ತವಲ್ದು, ಇಲ್ಲಿ ಇದು ಹಿಂಗ, ಅಲ್ಲಿ ಆಕಿ ಉಪವಾಸ ಎದ್ದಾಳೋ ಏನೋ ಅಂತ.”

ನಾನು ಉತ್ತರ ಕೊಡುವುದರೊಳಗೆ ಬಾಗಿಲು ತೆರೆಯಿತು. ಹಸಿರು ರೇಷ್ಮೆಯ ಹೊಸ ಲಂಗ ತೊಟ್ಟು, ಪುಷ್ಪಾ ಅಕ್ಕ ಕಟ್ಟಿಕೊಟ್ಟಿದ್ದ ಮಲ್ಲಿಗೆಯನ್ನು ಕೊರಳಿಗೆ ಹಾಕಿಕೊಂಡು ಸನಾ ನಿಂತಿದ್ದಳು. ಕೈ ಚಾಚಿದಳು. ಫೋನು ಕೊಟ್ಟೆ. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಬಾಂಗು ಆಯಿತು. ಮೇಜಿನ ಮೇಲೆ ಖರ್ಜೂರ ಕಾಯುತ್ತಿತ್ತು. ಒಳಗಿನಿಂದ ಮಾತು ಕೇಳುತ್ತಲೇ ಇತ್ತು, ಕೆಲವು ಕನ್ನಡದಲ್ಲಿ. ಮೊದಲು ಏನು ಕೇಳಿದಳೆಂದು ರೆಹಾನಾ ಆಮೇಲೆ ಹೇಳಿದಳು: “ದಣಿವು ಹೋತಾ ಅಂತ ಕೇಳಿದ್ಲು ನೋಡ್ರಿ. ಎರಡು ವಾರ ಮಾತು ಬಿಟ್ಟಾಕಿ, ಮೊದಲನೇ ಮಾತು ಅದು.” ಅವಳಿಗೆ ಅದು ಮಗುವಿನ ಅಕ್ಕರೆಯಾಗಿ ಕೇಳಿತ್ತು. ನಾನು ಆಗಲೂ ಏನೂ ಹೇಳಲಿಲ್ಲ. ಅಷ್ಟು ದೂರದಲ್ಲಿ, ಒಬ್ಬಳೇ ಇರುವವಳಿಗೆ ಹೇಳುವ ಸಂಗತಿ ಅದಾಗಿರಲಿಲ್ಲ.

ಆಮೇಲೆ ಎಷ್ಟೋ ಸಹರಿಗಳಲ್ಲಿ ನಾನು ಒಲೆಯ ಮುಂದೆ ಕಿವಿಗೊಟ್ಟು ನಿಂತಿದ್ದೇನೆ. ಏನೂ ಕೇಳಲಿಲ್ಲ. ವರ್ಷದ ಕೊನೆಗೆ ಅವಳಿಗೆ ಒಳಬರಲು ಅನುಮತಿ ಸಿಕ್ಕಿತು. ಬಂದವಳನ್ನು ವಿಮಾನ ನಿಲ್ದಾಣದಿಂದ ನೇರ ಒಂದು ಹೋಟೆಲಿಗೆ ಕೊಂಡೊಯ್ದು ಬೇರೆ ಇಟ್ಟರು. ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಸಂಜೆ ನಾನು, ಸನಾ ಎದುರಿನ ರಸ್ತೆಯಲ್ಲಿ ನಿಂತು ಮೇಲೆ ನೋಡುತ್ತಿದ್ದೆವು. ಯಾವುದೋ ಕಿಟಕಿಯಲ್ಲಿ ಒಂದು ಕೈ ಬೀಸುತ್ತಿತ್ತು. ಅಷ್ಟು ಹತ್ತಿರ ಬಂದಾಗಲೂ ಆ ಧ್ವನಿ ಬರಲಿಲ್ಲ. ಬರಲೆಂದು ನಾನು ಬಯಸಿದ್ದು ನಿಜ.

ಅವಳು ಮನೆ ಸೇರಿದ ಮೇಲೆ ಎಲ್ಲವನ್ನೂ ಹೇಳಿದೆ. ನಂಬಿದಳೆಂದು ಹೇಳಲಾರೆ, ಆದರೆ ನಗಲಿಲ್ಲ. “ನಾ ಅವತ್ತ ಬಾಯೇ ಬಿಚ್ಚಿಲ್ಲಲ್ರಿ” ಎಂದಳು. “ಮಾತಾಡಾಕ ಉಸುರೇ ಇದ್ದಿದ್ದಿಲ್ಲ.”

ಗಡಿಗಳು ತೆರೆದ ನಂತರದ ಒಂದು ಬೇಸಿಗೆಯಲ್ಲಿ ನಾವು ಮೂವರೂ ಆ ಹೊಲಮನೆಗೆ ಅತಿಥಿಗಳಾಗಿ ಹೋದೆವು. ಹಾದಿಯುದ್ದಕ್ಕೂ ರೆಹಾನಾಳೇ ನಮಗೆ ಊರು ತೋರಿಸುತ್ತಿದ್ದಳು, ತವರಿಗೆ ಕರೆದೊಯ್ಯುವವಳ ಹಾಗೆ. ಮಾರಿಟ್ ಆ ಬಿಳಿ ಗಂಜಿ ಮಾಡಿ ಬಡಿಸಿದಳು. ನಡುವೆ ಬೆಣ್ಣೆಯ ಹೊಂಡ, ಮೇಲೆ ದಾಲ್ಚಿನ್ನಿ. ನಾನು ಸನಾಳ ಮುಖವನ್ನೇ ನೋಡುತ್ತಿದ್ದೆ. ತಿಂದಳು, ಚೆನ್ನಾಗಿದೆ ಎಂದಳು, ಇನ್ನಷ್ಟು ಹಾಕಿಸಿಕೊಂಡಳು. ಅಂದಿನದೂ ಇದೇ ರುಚಿಯೇ ಎಂದು ಕೇಳಬೇಕೆಂದಿದ್ದವನು ಸಕ್ಕರೆಯ ಬಟ್ಟಲನ್ನು ಅವಳತ್ತ ಸರಿಸಿದೆ.

ಸಂಜೆ ಬೇಲಿಯ ಬಳಿ ನಿಂತು ಮಾರಿಟ್‌ಳನ್ನು ಆ ಕರಿ ಮರಿಯ ಬಗ್ಗೆ ಕೇಳಿದೆ. ನೆನಪಿದೆ ಎಂದಳು. ಪ್ರತಿವರ್ಷ ಮರಿಗಳು ಸಾಯುತ್ತವೆ, ಅದು ನೆನಪಿರುವುದು ನಿನ್ನ ಹೆಂಡತಿಯಿಂದ ಎಂದಳು. “ತಿಕ್ಕುತ್ತಿದ್ದಷ್ಟು ಹೊತ್ತೂ ನಿಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಳು. ನಿಧಾನವಾಗಿ, ಅಡುಗೆಮನೆಯಲ್ಲಿ ಮಾತಾಡಿದ ಹಾಗೆ. ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಪ್ರಾರ್ಥನೆ ಇರಬೇಕೆಂದು ನಾನು ಸುಮ್ಮನಿದ್ದೆ.” ರೆಹಾನಾಳಿಗೆ ಹೇಳಿದೆ. ಅವಳು ತನಗೆ ನೆನಪಿಲ್ಲ ಎಂದಳು.

ಇಷ್ಟೇ ನನ್ನ ಬಳಿ ಇರುವುದು. ನಿದ್ದೆಗೆಟ್ಟ ತಲೆ ತಾನೇ ಮಾತು ಕಟ್ಟಿಕೊಂಡಿತೆನ್ನಬಹುದು. ಹಳದಿ ದುಪಟ್ಟಾ ಅವಳು ಆ ದಿನಗಳಲ್ಲಿ ಹಾಕಿಕೊಳ್ಳುತ್ತಿದ್ದಳು, ಕುರಿ ಈಯುವುದಿತ್ತು, ಮಗು ಕನಸು ಕಂಡಿರಬಹುದು. ಒಂದೊಂದನ್ನೂ ಬಿಡಿಸಿ ಹೇಳಬಲ್ಲೆ. ಎಲ್ಲವನ್ನೂ ಒಂದೇ ನಸುಕಿನಲ್ಲಿಟ್ಟು ಹೇಳು ಎಂದರೆ ನನ್ನಿಂದಾಗುವುದಿಲ್ಲ.

ಈಗಲೂ ರಂಜಾನಿನಲ್ಲಿ ಸಹರಿಗೆ ನಾನೇ ಮೊಟ್ಟೆ ಮಾಡುತ್ತೇನೆ. ಗೋಡೆಯಾಚೆ ರೆಹಾನಾ ಮಗಳ ಜೊತೆ ಏನೋ ಮಾತಾಡುತ್ತಿರುತ್ತಾಳೆ. ನಾನು ಉರಿ ಆರಿಸಿ, ಹೊರಗೆ ಬಂದು, ಅವಳ ಕುರ್ಚಿಯ ಕಡೆ ಒಮ್ಮೆ ನೋಡುತ್ತೇನೆ.

“ಏನ್ ನೋಡಾಕತ್ತೀರಿ? ಇಲ್ಲೇ ಅದೀನಿ” ಎನ್ನುತ್ತಾಳೆ.

ಹೂಂ ಎಂದು ಮತ್ತೆ ಒಲೆಯ ಮುಂದೆ ಹೋಗಿ ನಿಲ್ಲುತ್ತೇನೆ, ಅವಳು ಇನ್ನೊಮ್ಮೆ ಮಾತಾಡುವವರೆಗೆ.